ತಿರುಗಿ ನಡೆಯುವ ನಾಲ್ಕು ವಾರ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಕಾರವಾರದ ಕ್ರೈಸ್ತರ ಮನೆಗಳ ಮುಂದೆ ಒಂದೊಂದೇ ನಕ್ಷತ್ರ ಮೂಡತೊಡಗುತ್ತದೆ. ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಕ್ಕಳೇ ಮಾಡುತ್ತಿದ್ದ ನಕ್ಷತ್ರದ ಜಾಗಕ್ಕೆ ಈಗ ಅಂಗಡಿಯ ಥಳಕಿನ ನಕ್ಷತ್ರ ಬಂದು ಕುಳಿತಿದೆ, ಆ ಮಾತು ಬೇರೆ. ರಾತ್ರಿ ಬಸ್ಸಿನಲ್ಲಿ ಹೋಗುವಾಗ ತೆಂಗಿನ ಮರಗಳ ಸಂದಿಯಿಂದ ಆ ಬೆಳಕು ಕಂಡರೆ, ಕ್ರಿಸ್‌ಮಸ್ ಶುರುವಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಇಗರ್ಜಿಯ ಒಳಗೆ ಹೋಗಿ ನೋಡಿದರೆ ಅಲ್ಲಿ ಹಬ್ಬದ ಸುಳಿವೇ ಇರುವುದಿಲ್ಲ. ಪಾದ್ರಿಗಳು ತೊಟ್ಟಿರುವುದು ನೇರಳೆ ಬಣ್ಣದ ವಸ್ತ್ರ. ಭಾನುವಾರದ ಪೂಜೆಯಲ್ಲಿ ಎಂದಿನಂತೆ ಹಾಡುವ ಮಹಿಮೆಯ ಗೀತೆ ಈ ದಿನಗಳಲ್ಲಿ ಇಲ್ಲ. ಗೋದಲಿ ಕಟ್ಟಿದ್ದರೂ ಹುಲ್ಲಿನ ಮೇಲೆ ಶಿಶುವಿನ ಜಾಗ ಖಾಲಿ.

ಇದು ಆಗಮನ ಕಾಲ. ಇಂಗ್ಲಿಷಿನಲ್ಲಿ ಅಡ್ವೆಂಟ್ ಎನ್ನುತ್ತಾರೆ. ಬರುವಿಕೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರು. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಯಾವ ಭಾನುವಾರ ಬರುತ್ತದೋ ಆ ದಿನ ಇದು ಆರಂಭವಾಗುತ್ತದೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ಇದರ ನಾಲ್ಕು ಮೆಟ್ಟಿಲು. ಮೂರನೆಯ ಭಾನುವಾರ ಮಾತ್ರ ನೇರಳೆಯ ಬದಲು ಗುಲಾಬಿ ಬಣ್ಣ, ಅರ್ಧ ದಾರಿ ಕಳೆಯಿತು ಎಂಬ ಸಂತೋಷಕ್ಕೆ. ಕ್ಯಾಥೋಲಿಕ್ ಧರ್ಮಸಭೆಯ ವರ್ಷ ಆರಂಭವಾಗುವುದು ಜನವರಿ ಒಂದರಂದಲ್ಲ, ಈ ಮೊದಲ ಭಾನುವಾರದಂದು. ಅಂದರೆ ಅವರ ಹೊಸ ವರ್ಷ ತೆರೆದುಕೊಳ್ಳುವುದೇ ತಪ್ಪಿನ ಲೆಕ್ಕ ನೋಡುವುದರಿಂದ!

ಕಾರವಾರ ಧರ್ಮಕ್ಷೇತ್ರ ಬೆಳಗಾವಿಯಿಂದ ಬೇರೆಯಾಗಿ 1976ರಲ್ಲಿ ಹುಟ್ಟಿತು. ಕರಾವಳಿಯ ಕೊಂಕಣಿ ಮಾತಿನವರಿಂದ ಹಿಡಿದು ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಕ್ರೈಸ್ತರವರೆಗೆ ಎಲ್ಲರೂ ಈ ನಾಲ್ಕು ವಾರ ಕಾಯುತ್ತಾರೆ. ಮಕ್ಕಳಿಗೆ ಕಾಯುವುದು ಕಷ್ಟ, ಎಲ್ಲ ಕಾಲದಲ್ಲೂ ಕಷ್ಟವೇ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಷರ್ನ್ ಎಂಬ ಪಾದ್ರಿಗೆ ಮಕ್ಕಳು, ಕ್ರಿಸ್‌ಮಸ್ಸಿಗೆ ಇನ್ನೆಷ್ಟು ದಿನ ಎಂದು ದಿನವೂ ಕೇಳಿ ಕೇಳಿ ಸಾಕುಮಾಡಿದ್ದರಂತೆ. ಅವರು 1839ರಲ್ಲಿ ಒಂದು ಗಾಡಿಯ ಚಕ್ರವನ್ನು ತೂಗುಹಾಕಿ, ಭಾನುವಾರಗಳಿಗೆ ದೊಡ್ಡ ಮೇಣದಬತ್ತಿ, ಉಳಿದ ದಿನಗಳಿಗೆ ಸಣ್ಣ ಮೇಣದಬತ್ತಿ ಇಟ್ಟು ದಿನಕ್ಕೊಂದರಂತೆ ಹಚ್ಚತೊಡಗಿದರು. ಇಂದು ಇಗರ್ಜಿಗಳಲ್ಲಿ ಕಾಣುವ ನಾಲ್ಕು ಬತ್ತಿಗಳ ಹಸಿರು ಬಳೆಗೆ ಆ ಗಾಡಿಚಕ್ರವೇ ಮೂಲ. ಇದನ್ನು ಹೇಳಲು ಕಾರಣವಿದೆ. ಹಬ್ಬಕ್ಕೆ ಕಾಯುವುದನ್ನು ಎಣಿಸಲು ಮೇಣದಬತ್ತಿ ಸಾಕು. ಮನಸ್ಸಿನ ಒಳಗಿನ ಸಿದ್ಧತೆಯನ್ನು ಎಣಿಸುವುದು ಹೇಗೆ?

ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಅಂಕೋಲಾ ತಾಲೂಕಿನ ಹಳ್ಳಿಯಿಂದ ಪಿ.ಯು.ಸಿ. ಓದಲು ಕಾರವಾರಕ್ಕೆ ಬಂದ ವರ್ಷ ಕೋಡಿಬಾಗದಲ್ಲಿ ಒಬ್ಬ ಕ್ರೈಸ್ತ ವಿಧವೆಯ ಮನೆಯ ಹೊರಗಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ನಾವು ಹುಡುಗರು ಆಕೆಯನ್ನು ಮಾಯ್ ಎಂದು ಕರೆಯುತ್ತಿದ್ದೆವು. ಕೊಂಕಣಿಯಲ್ಲಿ ತಾಯಿ ಎಂದರ್ಥ. ಮಾತು ಜೋರು, ಕೈ ಧಾರಾಳ. ಬಾಜೂ ಮನೆಯವಳೊಂದಿಗೆ ಮಾತ್ರ ಏಳು ವರ್ಷದಿಂದ ಮಾತಿಲ್ಲ. ಜಗಳ ಹುಟ್ಟಿದ್ದು ಬೇಲಿಯ ಮೇಲೆ ಬಾಗಿದ ಒಂದು ತೆಂಗಿನ ಮರದಿಂದ. ಕಾಯಿ ಬಿದ್ದು ಆಚೆ ಮನೆಯ ಹೆಂಚು ಒಡೆದಿತ್ತು. ಹೆಂಚಿನ ಮಾತು ಕಾಯಿಯ ಮಾತಾಗಿ, ಕಾಯಿಯ ಮಾತು ಮುಂಬಯಿಗೆ ಹೋಗಿ ದುಡ್ಡು ಕಳಿಸದ ಆಕೆಯ ಮಗನ ಮೇಲೆ ತಿರುಗಿ, ಮಾಯ್ ಆಡಬಾರದ್ದನ್ನು ಆಡಿದ್ದಳು. ಇಬ್ಬರೂ ಹೋಗುವುದು ಒಂದೇ ಇಗರ್ಜಿಗೆ. ಒಬ್ಬಳು ಎಡಸಾಲಿನಲ್ಲಿ, ಒಬ್ಬಳು ಬಲಸಾಲಿನಲ್ಲಿ ಮೊಣಕಾಲೂರಿ ಒಬ್ಬನೇ ದೇವರಿಗೆ ಬೇಡಿಕೊಳ್ಳುವುದು.

ಆ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನೇವರಿ ಮಾಡಲೆಂದು ಕಾಯಿ ತುರಿದು ಬೆಲ್ಲ ಕುಟ್ಟಿ ಇಟ್ಟವಳು, ಎಲ್ಲವನ್ನೂ ಮುಚ್ಚಿಟ್ಟು ತಲೆಯ ಮೇಲೆ ಸೆರಗು ಹೊದ್ದು ಹೊರಟಳು.

“ಎಲ್ಲಿಗೆ ಹೊರಟಿರಿ ಮಾಯ್?” ಎಂದೆ.

“ಬಾಜೂ ಮನೆಗೆ, ಬಾಬಾ. ಪಾದ್ರಿ ಹೇಳಿದ, ಮೊದಲು ಅಲ್ಲಿಗೆ ಹೋಗಿ ಬಾ ಅಂತ.”

ಹಿಂದಿನ ದಿನ ಆಕೆ ಪಾಪನಿವೇದನೆಗೆ ಹೋಗಿದ್ದಳು. ಅಲ್ಲಿ ಕೇಳಿದ್ದನ್ನು ಪಾದ್ರಿಗಳು ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ. ಮಾಯ್‌ಗೆ ಆ ನಿರ್ಬಂಧವಿರಲಿಲ್ಲ, ಇದ್ದಿದ್ದರೂ ಆಕೆ ಪಾಲಿಸುತ್ತಿದ್ದಳೋ ಇಲ್ಲವೋ. ಹತ್ತು ನಿಮಿಷದಲ್ಲಿ ತಿರುಗಿ ಬಂದಳು. ಕಾಲು ತೊಳೆದು ಮತ್ತೆ ಕಾಯಿತುರಿಯ ಮುಂದೆ ಕುಳಿತಳು.

“ಏನಂದರು?”

“ಏನೂ ಅನ್ನಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದಳು, ಒಳಗೆ ಹೋದಳು.”

“ಹಾಗಾದರೆ ಕ್ಷಮಿಸಲಿಲ್ಲ?”

“ಅದು ಅವಳು ನೋಡಿಕೊಳ್ಳಲಿ. ನಾನು ಆಡಿದ ಮಾತನ್ನ ನಾನು ವಾಪಸು ತರಬೇಕಿತ್ತು, ತಂದೆ.”

ಆ ಕ್ರಿಸ್‌ಮಸ್ಸಿಗೆ ಈ ಮನೆಯಿಂದ ಆ ಮನೆಗೆ ಸಿಹಿಯ ತಟ್ಟೆ ಹೋಯಿತು. ಆ ಮನೆಯಿಂದ ಬರಲಿಲ್ಲ. ಮುಂದಿನ ವರ್ಷ ಬಂದಿತೋ ಏನೋ, ಅಷ್ಟರಲ್ಲಿ ನಾನು ಕೋಣೆ ಬದಲಿಸಿದ್ದೆ.

ಪಶ್ಚಾತ್ತಾಪ ಎಂಬ ನಮ್ಮ ಶಬ್ದವನ್ನು ಬಿಡಿಸಿ ನೋಡಿ. ಪಶ್ಚಾತ್, ಆಮೇಲೆ. ತಾಪ, ಬೇಗೆ. ತಪ್ಪು ಮಾಡಿದ ಮೇಲೆ ಒಳಗೆ ಸುಡುವುದು. ಶಬ್ದ ಸುಂದರವಾಗಿದೆ, ಆದರೆ ಅಲ್ಲಿಗೇ ನಿಂತುಬಿಡುತ್ತದೆ. ಸುಟ್ಟುಕೊಂಡು ಕುಳಿತಿರಬಹುದು, ವರ್ಷಗಟ್ಟಲೆ. ಬೈಬಲ್ಲಿನ ಹಳೆಯ ಒಡಂಬಡಿಕೆ ಇರುವ ಹೀಬ್ರೂ ಭಾಷೆಯಲ್ಲಿ ಇದಕ್ಕೆ ಬಳಸುವ ಶಬ್ದದ ಅರ್ಥ ಹಿಂತಿರುಗು ಎಂದು. ಅದು ಎದೆಯ ಮಾತಲ್ಲ, ಕಾಲಿನ ಮಾತು. ಹೊಸ ಒಡಂಬಡಿಕೆಯ ಗ್ರೀಕ್ ಶಬ್ದಕ್ಕೆ ಮನಸ್ಸು ಬದಲಿಸು ಎಂಬ ಅರ್ಥ. ಕ್ಯಾಥೋಲಿಕರ ಪಾಪನಿವೇದನೆಯಲ್ಲಿಯೂ ದುಃಖಪಡುವುದು ಒಂದು ಭಾಗ ಮಾತ್ರ. ಬಾಯಿಬಿಟ್ಟು ಹೇಳುವುದು ಇನ್ನೊಂದು. ಆದ ಹಾನಿಯನ್ನು ಕೈಲಾದಷ್ಟು ಸರಿಪಡಿಸುವುದು ಮೂರನೆಯದು. ಕದ್ದಿದ್ದರೆ ಹಿಂದಕ್ಕೆ ಕೊಡಬೇಕು. ಹೆಸರು ಕೆಡಿಸಿದ್ದರೆ ಹೆಸರು ತಿರುಗಿ ತರಬೇಕು, ಇದು ಹಣ ಕೊಡುವುದಕ್ಕಿಂತ ಕಷ್ಟ.

ಆಗಮನ ಕಾಲದ ಎರಡನೆಯ ಮತ್ತು ಮೂರನೆಯ ಭಾನುವಾರ ಇಗರ್ಜಿಗಳಲ್ಲಿ ಮುಂದೆ ಬರುವ ವ್ಯಕ್ತಿ ಸ್ನಾನಿಕ ಯೊವಾನ್ನ. ಒಂಟೆಯ ಕೂದಲಿನ ಬಟ್ಟೆ ಉಟ್ಟು, ಮಿಡತೆ ಮತ್ತು ಕಾಡುಜೇನು ತಿಂದು, ಯೋರ್ದಾನ್ ನದಿಯ ದಂಡೆಯಲ್ಲಿ ಜನರಿಗೆ ಸ್ನಾನದೀಕ್ಷೆ ಕೊಡುತ್ತಿದ್ದವ. ಅಷ್ಟು ಉಗ್ರ ಮನುಷ್ಯ ಜನರಿಗೆ ಹೇಳಿದ್ದೇನು? ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯ ನೋಡಬೇಕು. ತಾವೇನು ಮಾಡಬೇಕೆಂದು ಜನ ಕೇಳಿದರೆ, ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದ. ಸುಂಕದವರು ಕೇಳಿದರೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಸಿಪಾಯಿಗಳು ಕೇಳಿದರೆ, ಯಾರನ್ನೂ ಹೆದರಿಸಿ ಸುಲಿಯಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ಸುಂಕದವನಿಗೆ ಸುಂಕದ ಕಟ್ಟೆ ಬಿಡು ಎನ್ನಲಿಲ್ಲ, ಸಿಪಾಯಿಗೆ ಕಾಡಿಗೆ ಬಾ ಎನ್ನಲಿಲ್ಲ. ಅವರವರು ನಿಂತ ಜಾಗದಲ್ಲೇ ತಿರುಗಿಕೊಳ್ಳಬೇಕಾದ ದಿಕ್ಕನ್ನು ತೋರಿಸಿದ. ತನ್ನ ವಿಷಯಕ್ಕೆ ಬಂದಾಗ, ಮುಂದೆ ಬರಲಿರುವವನ ಚಪ್ಪಲಿಯ ಬಾರು ಬಿಚ್ಚುವ ಯೋಗ್ಯತೆಯೂ ತನಗಿಲ್ಲ ಎಂದ. ದಂಡೆಯ ತುಂಬ ಜನ ಸೇರಿದ್ದಾಗ, ಇವನೇ ಕ್ರಿಸ್ತನಿರಬಹುದೇ ಎಂದು ಎಲ್ಲರೂ ಅಂದುಕೊಳ್ಳುತ್ತಿದ್ದಾಗ ಆಡಿದ ಮಾತದು. ಜನ ಹೊಗಳದ ದಿನ ವಿನಯದಿಂದಿರುವುದೇನು ಮಹಾ?

ಯೊವಾನ್ನನ ಬಗ್ಗೆ ಬರೆಯುವಾಗ ಶುಭಸಂದೇಶಕಾರರು ಪ್ರವಾದಿ ಯೆಶಾಯನ ಒಂದು ಚಿತ್ರವನ್ನು ನೆನೆಯುತ್ತಾರೆ. ಪ್ರಭು ಬರುವ ದಾರಿಗಾಗಿ ಹಳ್ಳ ತುಂಬಬೇಕು, ಗುಡ್ಡ ತಗ್ಗಬೇಕು, ಸೊಟ್ಟಾದದ್ದು ನೆಟ್ಟಗಾಗಬೇಕು. ಕಾರವಾರದಿಂದ ಅಂಕೋಲೆಗೆ ಹೋಗುವವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಯೇ ಇಲ್ಲ. ಹೆದ್ದಾರಿ ಅಗಲ ಮಾಡಲು ಗುಡ್ಡ ತಗ್ಗಿಸಿದ್ದನ್ನು, ಹಳ್ಳ ತುಂಬಿದ್ದನ್ನು, ತಿರುವು ನೆಟ್ಟಗಾದದ್ದನ್ನು ನಾವು ಕಣ್ಣಾರೆ ಕಂಡವರು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಿನ ಗುಡ್ಡ ರಸ್ತೆಯ ಮೇಲೂ ಗಂಗಾವಳಿ ನದಿಯೊಳಕ್ಕೂ ಕುಸಿಯಿತು. ದಾರಿಬದಿಯ ಚಹದಂಗಡಿಯ ಕುಟುಂಬ, ಲಾರಿ ನಿಲ್ಲಿಸಿದವರು, ಹನ್ನೊಂದು ಜನ ಹೋದರು. ನದಿಯ ತಳದಿಂದ ಒಂದು ಲಾರಿಯನ್ನು ಮೇಲೆತ್ತುವಷ್ಟರಲ್ಲಿ ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು.

ಪ್ರವಾದಿ ತಗ್ಗಿಸಲು ಹೇಳಿದ್ದು ಈ ಗುಡ್ಡವನ್ನಲ್ಲ. ಮನುಷ್ಯನ ಒಳಗಿನ ಗುಡ್ಡ ತಗ್ಗದೆ ಇದ್ದಾಗಲೇ ಹೊರಗಿನ ಗುಡ್ಡವನ್ನು ಹೇಗೆ ಬೇಕಾದರೂ ಕಡಿಯಬಹುದು ಎನಿಸುವುದು. ಶಿರೂರಿನ ಬಳಿಕ ಎಷ್ಟೋ ಮಾತುಗಳು ಕೇಳಿಬಂದವು. ಮಳೆ ಹೆಚ್ಚಾಯಿತು, ಮಣ್ಣು ಸಡಿಲವಾಯಿತು, ನೀರು ಇಂಗಿತು. ಎಲ್ಲ ನಿಜವೇ ಇರಬಹುದು. ಎಲ್ಲವೂ ತಾನಾಗಿ ಆದ ಮಾತುಗಳು. ನಮ್ಮಿಂದ ಇದು ತಪ್ಪಿತು ಎಂದು ಎದೆ ಮುಟ್ಟಿ ಹೇಳಿದ ಒಂದು ದನಿ ನನ್ನ ಕಿವಿಗಂತೂ ಬೀಳಲಿಲ್ಲ.

ಅದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರ್ 16ರಂದು, ಶಿರೂರಿನ ದುರಂತಕ್ಕೆ ಸರಿಯಾಗಿ ಐದು ತಿಂಗಳಿಗೆ. ಅವರು ಹಾಲಕ್ಕಿ ಒಕ್ಕಲಿಗರು, ಕ್ರೈಸ್ತರಲ್ಲ. ಆಗಮನ ಕಾಲದ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆದರೂ ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 2021ರಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನದ ಹಾಸಿನ ಮೇಲೆ ಬರಿಗಾಲಿನಲ್ಲಿ, ತಮ್ಮ ಎಂದಿನ ಉಡುಗೆಯಲ್ಲಿ ಅವರು ನಡೆದ ಚಿತ್ರವನ್ನು ದೇಶವೆಲ್ಲ ನೋಡಿತು, ಎಂಥ ವಿನಯ ಎಂದು ಹೊಗಳಿತು. ನನಗೆ ಅನಿಸುವುದು ಬೇರೆ. ಬರಿಗಾಲು ಅವರಿಗೆ ವಿನಯವಲ್ಲ, ರೂಢಿ. ಅವರ ವಿನಯ ಇದ್ದದ್ದು ಅರಣ್ಯ ಇಲಾಖೆಯ ನರ್ಸರಿಯಲ್ಲಿ. ಕಾಡಿನಲ್ಲಿ ತಾಯಿಮರ ಯಾವುದು ಎಂದು ಗುರುತಿಸಿ, ಬೀಜ ಬಲಿಯುವ ಕಾಲ ಕಾದು, ಆರಿಸಿ ತಂದು, ಸಸಿ ಮಾಡಿ ಬೆಳೆಸಿದ್ದರಲ್ಲಿ. ಮರದ ಮುಂದೆ ತನಗೆ ಗೊತ್ತಿಲ್ಲದ್ದು ಇದೆ ಎಂದು ತಿಳಿದವರಿಗೆ ಮಾತ್ರ ಅಷ್ಟು ತಾಳ್ಮೆ ಸಾಧ್ಯ. ವಿನಯಕ್ಕೆ ಇಂಗ್ಲಿಷರು ಬಳಸುವ ಶಬ್ದದ ಬೇರು ಲ್ಯಾಟಿನ್ನಿನ ಮಣ್ಣು ಎಂಬ ಶಬ್ದದಲ್ಲಿದೆ ಎಂದು ನಿಘಂಟು ಓದುವ ಮಕ್ಕಳಿಗೆ ಗೊತ್ತಿರಬಹುದು. ಅಂಕೋಲೆಯವರೇ ಆದ ದಿನಕರ ದೇಸಾಯಿಯವರು ತಮ್ಮ ದೇಹದ ಬೂದಿ ಭತ್ತದ ಗದ್ದೆಗೆ ಗೊಬ್ಬರವಾಗಲಿ ಎಂದು ಬಯಸಿ ಬರೆದ ಕವಿತೆಯೂ ಇದೇ ಮಣ್ಣಿನದು.

ತನ್ನನ್ನು ಕಡಿಮೆ ಮಾಡಿಕೊಂಡು ತೋರಿಸುವುದು ವಿನಯವಲ್ಲ. ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿ, “ಅಯ್ಯೋ, ನನಗೇನೂ ಬರುವುದಿಲ್ಲ” ಎಂದರೆ ಅದು ಸುಳ್ಳು, ಕೆಲವೊಮ್ಮೆ ಇನ್ನಷ್ಟು ಹೊಗಳಿಕೆಗೆ ಹಾಕಿದ ಗಾಳ. ಇದ್ದದ್ದನ್ನು ಇದ್ದಷ್ಟೇ ಕಾಣುವುದು ವಿನಯ. ತಪ್ಪನ್ನೂ ಹಾಗೆಯೇ, ಇದ್ದಷ್ಟೇ. ದೊಡ್ಡದು ಮಾಡಿ ಗೋಳಾಡುವುದರಲ್ಲಿಯೂ ಒಂದು ಬಗೆಯ ಜಂಬವಿದೆ.

ಈ ಜಂಬದ ಕುರಿತು ಒಂದು ನಾಟಕ ಹುಟ್ಟಿದ್ದು ಕಾರವಾರದಲ್ಲಿಯೇ ಎಂಬುದು ಇಂದಿನ ವಿದ್ಯಾರ್ಥಿಗಳಿಗೆ ತಿಳಿದಿರಲಿ. 1883ರಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದರು. ಅವರಿಗೆ ಆಗ ಇಪ್ಪತ್ತೆರಡು ವರ್ಷ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಕಾರವಾರದ ಕಡಲತೀರಕ್ಕೆ ಟಾಗೋರರ ಹೆಸರು ಬಂದದ್ದು ಆ ನಂಟಿನಿಂದ. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬಂದದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇಲ್ಲಿ ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’, ಅಂದರೆ ಪ್ರಕೃತಿಯ ಸೇಡು. 1884ರಲ್ಲಿ ಅಚ್ಚಾಯಿತು.

ಅದರಲ್ಲಿ ಒಬ್ಬ ಸಂನ್ಯಾಸಿ. ಆಸೆ, ಮಮತೆ ಎಲ್ಲವನ್ನೂ ಕಡಿದು ಹಾಕಿ ಪ್ರಕೃತಿಯನ್ನೇ ಗೆದ್ದೆ ಎಂದು ಬೀಗುವವ. ಊರಿನ ಜನ ಮುಟ್ಟದೆ ದೂರವಿಟ್ಟ ಒಬ್ಬ ಅನಾಥ ಹುಡುಗಿ ಅವನ ಬಳಿಗೆ ಬರುತ್ತಾಳೆ. ಅವನು ಅವಳನ್ನು ಹತ್ತಿರ ಸೇರಿಸುತ್ತಾನೆ, ತನಗೆ ಯಾವ ಮಡಿಮೈಲಿಗೆಯೂ ಇಲ್ಲ ಎನ್ನುವ ಹೆಮ್ಮೆಯಿಂದ. ಹುಡುಗಿ ಅವನನ್ನು ತಂದೆಯಂತೆ ಕಂಡು ಅಂಟಿಕೊಳ್ಳುತ್ತಾಳೆ. ತನ್ನ ಎದೆಯಲ್ಲೂ ಏನೋ ಕದಲಿತು ಎಂದು ತಿಳಿದದ್ದೇ ತಡ, ಅವನು ಹೆದರುತ್ತಾನೆ. ಸಾಧನೆ ಕೆಟ್ಟಿತು ಎಂದು ಅವಳನ್ನು ಬಿಟ್ಟು ಓಡುತ್ತಾನೆ. ಕೊನೆಗೆ ದಂಡ ಕಮಂಡಲ ಬಿಸುಟು ಅವಳನ್ನು ಹುಡುಕಿಕೊಂಡು ಬರುತ್ತಾನೆ. ಹುಡುಗಿ ಸತ್ತಳು ಎಂಬ ಮಾತು ಅವನಿಗೆ ಎದುರಾಗುತ್ತದೆ.

ಮುಂದಿನ ತಮ್ಮ ಬರವಣಿಗೆಗೆಲ್ಲ ಇದೇ ಮುನ್ನುಡಿ ಎಂಬರ್ಥದಲ್ಲಿ ಟಾಗೋರರು ಹೇಳಿಕೊಂಡಿದ್ದಾರೆ. ವಿದ್ವಾಂಸರು ಇದರಲ್ಲಿ ಸೀಮೆ, ಅಸೀಮೆಯ ತತ್ತ್ವ ಹುಡುಕುತ್ತಾರೆ. ನನಗೆ ಮಾತ್ರ ಆ ಸಂನ್ಯಾಸಿ ತಿರುಗಿ ನಡೆದುಬರುವ ದಾರಿ ಕಣ್ಣಿಗೆ ಕಟ್ಟುತ್ತದೆ. ಅವನ ಮನಸ್ಸು ಬದಲಾಯಿತು, ಅಹಂಕಾರ ಇಳಿಯಿತು, ಕಾಲೂ ತಿರುಗಿತು. ಎಲ್ಲ ಸರಿಯಾಗಿಯೇ ಆಯಿತು. ತಡವಾಯಿತು, ಅಷ್ಟೆ. ಪಶ್ಚಾತ್ತಾಪಕ್ಕೆ ಒಂದು ತಾರೀಕು ಬೇಕು ಎಂದು ಹಿಂದಿನವರಿಗೆ ಅನಿಸಿದ್ದು ಇದಕ್ಕೇ ಇರಬೇಕು. ಧಾರವಾಡದ ಕಡೆ ದಸರೆಯಲ್ಲಿ ಬನ್ನಿ ಕೊಟ್ಟು ಹಳೆಯ ಮುನಿಸು ಮರೆಯುತ್ತಾರೆ. ಜೈನರು ಪರ್ಯೂಷಣದ ಕೊನೆಗೆ ಎಲ್ಲರ ಕ್ಷಮೆ ಕೇಳುತ್ತಾರೆ. ಕ್ರೈಸ್ತರಿಗೆ ಡಿಸೆಂಬರ್ 25ರ ಗಡುವು. ಶಿಶು ಬರುವುದರೊಳಗೆ ಮನೆ ಗುಡಿಸಿರಬೇಕು.

ಪಾಲಕರಿಗೂ ಇಲ್ಲಿ ಒಂದು ಮಾತು. ಹದಿನೈದು ವರ್ಷದ ಗಾಂಧಿ ಅಣ್ಣನ ತೋಳಬಂದಿಯಿಂದ ಚೂರು ಚಿನ್ನ ಕತ್ತರಿಸಿ ಕದ್ದದ್ದು, ಅದು ಎದೆಯಲ್ಲಿ ಕೊರೆಯತೊಡಗಿದ್ದು, ಬಾಯಲ್ಲಿ ಹೇಳುವ ಧೈರ್ಯ ಸಾಲದೆ ಚೀಟಿಯಲ್ಲಿ ಬರೆದು, ಶಿಕ್ಷೆ ಕೊಡಿ ಎಂದು ಕೇಳಿ, ಹಾಸಿಗೆ ಹಿಡಿದಿದ್ದ ತಂದೆಯ ಕೈಗಿತ್ತು ಕುಳಿತದ್ದು ಆತ್ಮಕಥೆಯಲ್ಲಿದೆ. ಶಾಲೆಯಲ್ಲಿ ಈ ಪಾಠ ಮಾಡುವಾಗ ಮಗನ ಸತ್ಯನಿಷ್ಠೆಯನ್ನೇ ಹೊಗಳಿ ಮುಗಿಸುತ್ತೇವೆ. ತಂದೆ ಏನು ಮಾಡಿದರು? ಎದ್ದು ಕುಳಿತು ಓದಿದರು. ಕಣ್ಣೀರು ಸುರಿದು ಕಾಗದ ಒದ್ದೆಯಾಯಿತು. ಕ್ಷಣಹೊತ್ತು ಕಣ್ಣು ಮುಚ್ಚಿ ಯೋಚಿಸಿ ಚೀಟಿಯನ್ನು ಹರಿದುಹಾಕಿದರು. ಮತ್ತೆ ಮಲಗಿದರು. ಒಂದೇ ಒಂದು ಮಾತು ಆಡಲಿಲ್ಲ. ಬೈಬಲ್ಲಿನ ದಾರಿತಪ್ಪಿದ ಮಗನ ಕತೆಯಲ್ಲಿಯೂ ಅಷ್ಟೆ. ಮಗ ದಾರಿಯುದ್ದಕ್ಕೂ ಕ್ಷಮೆಯ ಮಾತು ಕಟ್ಟಿಕೊಂಡು ಬಂದರೆ, ದೂರದಲ್ಲೇ ಅವನನ್ನು ಕಂಡ ಮುದುಕ ತಂದೆ ಓಡಿ ಹೋಗಿ ತಬ್ಬಿಕೊಂಡು, ಆ ಮಾತು ಪೂರ್ತಿಯಾಗಲೂ ಬಿಡಲಿಲ್ಲ.

ನಮ್ಮ ಮನೆಗಳಲ್ಲಿ? ಮಗು ತಾನಾಗಿ ಬಂದು, “ಅಪ್ಪಾ, ಮಾರ್ಕ್ಸ್‌ಕಾರ್ಡಿಗೆ ನಿಮ್ಮ ಸಹಿ ನಾನೇ ಹಾಕಿದೆ” ಎಂದರೆ ಏನಾಗುತ್ತದೆ? ಒಪ್ಪಿಕೊಂಡವನಿಗೂ ಅದೇ ಏಟು, ಸಿಕ್ಕಿಬಿದ್ದವನಿಗೂ ಅದೇ ಏಟು ಎಂದಾದರೆ ಮಕ್ಕಳು ಒಂದು ಲೆಕ್ಕ ಚೆನ್ನಾಗಿ ಕಲಿಯುತ್ತಾರೆ. ಮುಂದಿನ ಸಲ ಸಿಕ್ಕಿಬೀಳದಂತೆ ನೋಡಿಕೊಳ್ಳುತ್ತಾರೆ. ಇನ್ನು ತಂದೆತಾಯಿ ತಾವೇ ಮಗುವಿನ ಎದುರು, ಇದು ನನ್ನ ತಪ್ಪು ಎಂದದ್ದನ್ನು ಕೇಳಿ ಬೆಳೆದ ಮಕ್ಕಳು ಎಷ್ಟಿದ್ದಾರೆ? ನಾನು ಕೇಳಿರಲಿಲ್ಲ. ನನ್ನ ಮಕ್ಕಳೂ ಹೆಚ್ಚು ಸಲ ಕೇಳಿಲ್ಲ.

ನಮ್ಮ ಭಾಷೆಯೂ ಸ್ವಲ್ಪ ಜಾಣತನ ಮಾಡುತ್ತದೆ. “ತಪ್ಪಾಯ್ತು” ಎನ್ನುತ್ತೇವೆ. ಬೆಳಗಾಯ್ತು, ಮಳೆಯಾಯ್ತು ಎಂಬ ಹಾಗೆ. ಯಾರಿಂದ ಆಯಿತು? ಆ ಶಬ್ದದಲ್ಲಿ ಮಾಡಿದವನೇ ಇಲ್ಲ! “ನಾನು ತಪ್ಪು ಮಾಡಿದೆ” ಎಂದು ಕರ್ತೃಪದ ಇಟ್ಟು ಹೇಳಿ ನೋಡಿ, ನಾಲಿಗೆ ಎಷ್ಟು ಭಾರವಾಗುತ್ತದೆ. ಕ್ಯಾಥೋಲಿಕರು ಪೂಜೆಯ ಆರಂಭದಲ್ಲಿ ತಪ್ಪು ತಮ್ಮದೇ ಎಂದು ಹೇಳುತ್ತ ಎದೆ ತಟ್ಟಿಕೊಳ್ಳುತ್ತಾರೆ. ಪಕ್ಕದವನ ಎದೆಯನ್ನಲ್ಲ. ಈಗಿನ ಮಕ್ಕಳ “ಸಾರಿ” ಇನ್ನೂ ಹಗುರ, ಮೊಬೈಲಿನಲ್ಲಿ ಒಂದು ಚಿತ್ರ ಒತ್ತಿದರೆ ಮುಗಿಯಿತು.

ಹೀಗೆಲ್ಲ ಬರೆಯುವ ನಾನು ಏನು ಮಾಡಿದೆ ಎಂಬುದನ್ನೂ ಹೇಳಬೇಕು. ಹೈಸ್ಕೂಲಿನ ಕೊನೆಯ ವರ್ಷ ನಾನು ವರ್ಗದ ಮಾನಿಟರ್. ಡಿಸೆಂಬರಿನ ಗ್ಯಾದರಿಂಗಿಗೆ ವರ್ಗಣಿ ಎತ್ತುವ ಕೆಲಸ ನನ್ನದು. ಅದರಲ್ಲಿ ನಾಲ್ಕು ರೂಪಾಯಿಯನ್ನು ನಾನು ಸಿನಿಮಾಕ್ಕೂ ತಿಂಡಿಗೂ ಖರ್ಚು ಮಾಡಿಬಿಟ್ಟೆ. ಲೆಕ್ಕ ಒಪ್ಪಿಸುವ ದಿನ ಹಣ ಕಡಿಮೆ ಬಿತ್ತು. ಚೀಲ ಇಟ್ಟ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಬೇಲೇಕೇರಿಯ ಒಬ್ಬ ಮೀನುಗಾರರ ಹುಡುಗ. ಫೀಯನ್ನೂ ಹೊತ್ತಿಗೆ ಕಟ್ಟಲಾಗದವನು. ಮಾಸ್ತರರ ಕಣ್ಣು ನೆಟ್ಟಗೆ ಅವನ ಮೇಲೆ ಹೋಯಿತು. ಅವನು ಇಲ್ಲ ಎಂದ, ನಂಬಲಿಲ್ಲ. ಛಡಿಯಿಂದ ಹೊಡೆದರು. ನಾನು ಬಾಯಿ ಬಿಡಲಿಲ್ಲ. ಆ ಮಾರ್ಚಿನಲ್ಲಿ ಅವನು ಪರೀಕ್ಷೆಗೆ ಕೂರಲಿಲ್ಲ, ದೋಣಿಗೆ ಹೋದ. ನನ್ನ ನಾಲ್ಕು ರೂಪಾಯಿಯೇ ಅದಕ್ಕೆ ಕಾರಣ ಎಂದರೆ ಮತ್ತೆ ದೊಡ್ಡದು ಮಾಡಿದಂತೆ. ಮನೆಯಲ್ಲಿ ಕಷ್ಟವಿತ್ತು. ಕಾರಣವೇ ಅಲ್ಲ ಎಂದರೂ ಸುಳ್ಳು.

ಮಾಯ್ ಬಾಜೂ ಮನೆಗೆ ಹೋಗಿ ಬಂದದ್ದು ಇದಾದ ಮುಂದಿನ ಡಿಸೆಂಬರಿನಲ್ಲಿ. ಆಕೆ ನನಗೆ ಏನೂ ಹೇಳಲಿಲ್ಲ, ಆಕೆಗೆ ಈ ವಿಷಯ ಗೊತ್ತೂ ಇರಲಿಲ್ಲ. ಕಾಯಿತುರಿಯ ಮುಂದೆ ಕುಳಿತ ಆಕೆಯ ಮುಖ ಮಾತ್ರ ರಾತ್ರಿಯೆಲ್ಲ ಕಣ್ಣ ಮುಂದೆ ಇತ್ತು. ಮರುದಿನ ಭಾನುವಾರ. ಬೆಳಿಗ್ಗೆ ಅಂಕೋಲೆಯ ಬಸ್ಸು ಹತ್ತಿದೆ. ಬಿಣಗಾ, ಅರಗಾ, ಅಮದಳ್ಳಿ ಒಂದೊಂದೇ ಹಿಂದಕ್ಕೆ ಹೋದವು. ಪ್ರತಿ ನಿಲ್ದಾಣದಲ್ಲಿಯೂ ಇಳಿದು ತಿರುಗಿ ಹೋಗಿಬಿಡಲೇ ಎನಿಸುತ್ತಿತ್ತು. ಅವರ್ಸಾ ದಾಟಿದ ಮೇಲೆ ಇಳಿದು ಬೇಲೇಕೇರಿಯ ದಂಡೆಗೆ ನಡೆದೆ.

ಅವನು ದೋಣಿಯ ನೆರಳಲ್ಲಿ ಕುಳಿತು ಬಲೆ ಹೊಲಿಯುತ್ತಿದ್ದ. ನನ್ನನ್ನು ಕಂಡು ಬೆರಗಾದ, ಕೂತ್ಕೋ ಎಂದ. ನಾನು ನಿಂತೇ ಹೇಳಿದೆ. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತು ಎರಡೇ ವಾಕ್ಯದಲ್ಲಿ ಮುಗಿದುಹೋಯಿತು. ನಾಲ್ಕು ರೂಪಾಯಿ ಮುಂದೆ ಹಿಡಿದೆ. ಅವನು ಬಲೆಯಿಂದ ಕೈ ತೆಗೆಯಲಿಲ್ಲ.

“ದುಡ್ಡು ಶಾಲೆದು. ಶಾಲೆಗೆ ಕೊಡು,” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಏಟು ಮರೆತುಹೋಗದೆ. ನೀ ಅವತ್ತು ಕಿಡಕಿ ಹೊರಗೆ ನೋಡ್ತಾ ನಿಂತಿದ್ದೆ ನೋಡು, ಅದು ನೆನಪದೆ.”

ನಾನು ಸುಮ್ಮನಿದ್ದೆ.

“ಮಾಸ್ತರಿಗೆ ಹೇಳಿದ್ಯಾ?” ಎ೦ದು ಕೇಳಿದ.

ಹೇಳಿರಲಿಲ್ಲ. ಅದನ್ನು ಯೋಚಿಸಿಯೂ ಇರಲಿಲ್ಲ. ಅವನ ಹೆಸರು ಕೆಟ್ಟದ್ದು ಮಾಸ್ತರರ ಮುಂದೆ, ನಲವತ್ತು ಹುಡುಗರ ಮುಂದೆ. ನಾನು ಬಂದು ಹೇಳಿದ್ದು ಕಡಲ ದಂಡೆಯಲ್ಲಿ, ಯಾರೂ ಇಲ್ಲದ ಕಡೆ. ಹೊರಡುವಾಗ ಅವನು ನಾಲ್ಕು ಬಂಗಡೆಯನ್ನು ಎಲೆಯಲ್ಲಿ ಸುತ್ತಿ ಕೈಗೆ ಕೊಟ್ಟ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ಮಾಸ್ತರರಿಗೆ ಅಷ್ಟರಲ್ಲಿ ಬೇರೆ ತಾಲೂಕಿಗೆ ವರ್ಗವಾಗಿತ್ತು. ವಿಳಾಸ ಹುಡುಕಿ ಒಂದು ಇನ್‌ಲ್ಯಾಂಡ್ ಪತ್ರ ಬರೆದೆ, ನಾಲ್ಕು ರೂಪಾಯಿಯನ್ನು ಶಾಲೆಗೆ ಮನಿಆರ್ಡರ್ ಮಾಡಿದೆ. ಜನವರಿ ಕಳೆಯಿತು, ಫೆಬ್ರುವರಿ ಕಳೆಯಿತು, ನನಗೆ ಉತ್ತರ ಬರಲಿಲ್ಲ. ಸಿಟ್ಟಾಗಿರಬೇಕು ಅಂದುಕೊಂಡೆ. ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಅಂಕೋಲೆಯ ಸಂತೆಯಲ್ಲಿ ಅವನೇ ಸಿಕ್ಕಿದ. ಮಾಸ್ತರರ ಪತ್ರ ಬಂದಿದೆ ಎಂದ. ಅವರು ಬರೆದದ್ದು ನನಗಲ್ಲ, ಅವನಿಗೆ. ಅಂಗಿಯ ಕಿಸೆಯಿಂದ ಅರ್ಧ ಹೊರಗೆ ತೆಗೆದು ತೋರಿಸಿ ಮತ್ತೆ ಒಳಗಿಟ್ಟುಕೊಂಡ. ಅದರಲ್ಲಿ ಏನಿತ್ತೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.